ಉರಿಮೂತ್ರಕ್ಕೆ ಮದ್ದು ಯಾಕೆ ನಾಟುವುದಿಲ್ಲ?

(ಮಹಿಳಾ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘಗಳ ಸಭೆಗೆ ಬಂದಾಗಲೆಲ್ಲ ನೀವು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತೀರಿ. ಮೊದಲೆಲ್ಲ ಉರಿಮೂತ್ರ ಬಂದರೆ ಎರಡು ದಿನ ಮಾತ್ರೆ ತಿಂದರೆ ಸಾಕಿತ್ತು, ಈಗ ಮೂರು ತರದ ಮಾತ್ರೆ ತಿಂದರೂ ಹೋಗುವುದಿಲ್ಲ, ಮಾತ್ರೆಯೇ ಕಳಪೆಯಾ ಅಥವಾ ನಮ್ಮ ಮೈ ಮದ್ದಿಗೆ ಒಗ್ಗಿಹೋಗಿದೆಯಾ ಅಂತ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಒಗ್ಗಿಹೋಗುವುದು ನಮ್ಮ ಮೈ ಅಲ್ಲ, ನಮ್ಮೊಳಗಿರುವ ರೋಗಾಣು. ಅದು ಈ ವಿದ್ಯೆಯನ್ನು ಎಲ್ಲಿಂದ ಕಲಿಯುತ್ತದೆ, ಯಾರಿಗೆ ಕಲಿಸುತ್ತದೆ ಎನ್ನುವುದನ್ನು ಇವತ್ತು ಸ್ವಲ್ಪ ನಿಧಾನವಾಗಿ ನೋಡೋಣ. ವಿಷಯ ವಿಜ್ಞಾನದ್ದು. ಆದರೆ ಲೆಕ್ಕ ಬರೆಯಲು, ಬಡ್ಡಿ ಕೂಡಿಸಲು ಕಲಿತ ನಿಮಗೆ ಇದೇನೂ ಕಷ್ಟ ಆಗಲಿಕ್ಕಿಲ್ಲ.

ಅದಕ್ಕೆ ಮೊದಲು ಒಂದು ಮಾತು. ಉರಿಮೂತ್ರ ಅಂದ ಕೂಡಲೇ ನಮ್ಮ ಹೆಂಗಸರ ತಲೆ ತಗ್ಗುತ್ತದೆ. ಗಂಡನಿಗೆ ಹೇಳಲು ಸಂಕೋಚ, ಅತ್ತೆಗೆ ಹೇಳಲು ಹೆದರಿಕೆ. ಕೆಲವು ಮನೆಗಳಲ್ಲಿ ಇದನ್ನು ನಡತೆಯ ಪ್ರಶ್ನೆಯೇ ಮಾಡುತ್ತಾರೆ. ಇದು ನಡತೆಯ ಕಾಯಿಲೆ ಅಲ್ಲ. ಗಂಡಸರ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಉದ್ದ, ಹೆಂಗಸರದ್ದು ಬರೀ 4 ಸೆಂಟಿಮೀಟರ್. ಅದರ ಬಾಯಿ ಮಲದ್ವಾರಕ್ಕೆ ಹತ್ತಿರ. ಹಾಗಾಗಿ ಕರುಳಿನಲ್ಲಿರುವ ರೋಗಾಣುವಿಗೆ ಮೂತ್ರಕೋಶಕ್ಕೆ ಹತ್ತುವ ದಾರಿ ಗಿಡ್ಡ. ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಗಂಡ ಹೆಂಡತಿ ಕೂಡಿದ ಮೇಲೆ ಬರುವುದೂ ಉಂಟು, ಅದರಲ್ಲಿ ಯಾರ ತಪ್ಪೂ ಇಲ್ಲ. ಈ ಮಾತನ್ನು ಸಿಸ್ಟರ್‌ಗಳಾದ ನಾವೇ ಇಷ್ಟು ಜನರ ಎದುರು ಹೇಳುತ್ತಿದ್ದೇವೆ ಅಂದಮೇಲೆ ನಿಮಗೆ ನಾಚಿಕೆ ಯಾಕೆ?

ಈ ಸೋಂಕು ತರುವ ರೋಗಾಣುಗಳಲ್ಲಿ ದೊಡ್ಡ ಪಾಲು ಒಂದೇ ಜಾತಿಯದ್ದು. ಅದರ ಹೆಸರು ಇ. ಕೋಲಿ. ನಾಲ್ಕರಲ್ಲಿ ಮೂರು ಸೋಂಕಿಗೆ ಅದೇ ಕಾರಣ ಅನ್ನಬಹುದು. 1885ರಲ್ಲಿ ಥಿಯೋಡೋರ್ ಎಷೆರಿಷ್ ಎಂಬ ಮಕ್ಕಳ ವೈದ್ಯರು ಶಿಶುಗಳ ಮಲದಲ್ಲಿ ಇದನ್ನು ಮೊದಲು ಕಂಡರು. ಇ. ಕೋಲಿ ನಮ್ಮೆಲ್ಲರ ಕರುಳಿನಲ್ಲಿ ಇದ್ದೇ ಇರುತ್ತದೆ, ಅಲ್ಲಿ ಇರುವಷ್ಟು ದಿನ ಅದರಿಂದ ಹೆಚ್ಚಾಗಿ ತೊಂದರೆ ಇಲ್ಲ. ದಾರಿ ತಪ್ಪಿ ಮೂತ್ರಕೋಶಕ್ಕೆ ಹೋದಾಗ ಉರಿ, ಪದೇ ಪದೇ ಮೂತ್ರಕ್ಕೆ ಓಡುವುದು, ಕಿಬ್ಬೊಟ್ಟೆ ನೋವು. ಇನ್ನೂ ಮೇಲೆ ಕಿಡ್ನಿಗೆ ಹತ್ತಿದರೆ ಚಳಿಜ್ವರ, ಸೊಂಟದ ಪಕ್ಕದಲ್ಲಿ ನೋವು, ವಾಂತಿ. ಉರಿಮೂತ್ರದ ಕಥೆ ಕರುಳಿನಲ್ಲಿ ಶುರುವಾಗುವುದು ಎನ್ನುವುದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಈ ಇ. ಕೋಲಿಯ ಸಂಸಾರ. ಊಟ, ಬೆಚ್ಚಗಿನ ಜಾಗ ಎಲ್ಲ ಸರಿಯಾಗಿ ಸಿಕ್ಕಿದರೆ ಇದು 20 ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತದೆ. ಒಂದು ಗಂಟೆಗೆ 8. ನಾಲ್ಕು ಗಂಟೆಗೆ 4,096. ಏಳು ಗಂಟೆಗೆ 20 ಲಕ್ಷ ದಾಟುತ್ತದೆ. ಚಕ್ರಬಡ್ಡಿ ಅಂದರೆ ಏನು ಅಂತ ನಿಮಗೆ ಗೊತ್ತಲ್ಲ, ಅದೇ ಲೆಕ್ಕ. ಮೂತ್ರಕೋಶದಲ್ಲಿ ಇಷ್ಟು ಬೇಗ ಆಗುವುದಿಲ್ಲ ಅನ್ನಿ. ಆದರೂ ಸೋಂಕು ಆದವರ ಒಂದು ಮಿಲಿಲೀಟರ್ ಮೂತ್ರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಾಣು ಸಿಗುವುದು ಸಾಮಾನ್ಯ. ಒಂದು ಲೋಟ ಮೂತ್ರ, ಅಂದರೆ 200 ಮಿಲಿಲೀಟರ್ ತೆಗೆದುಕೊಂಡರೆ ಎರಡು ಕೋಟಿ.

ಪ್ರತಿಯೊಂದು ರೋಗಾಣುವಿನ ಒಳಗೂ ಡಿ.ಎನ್.ಎ. ಎಂಬ ಒಂದು ಪುಸ್ತಕ ಇದೆ. ನಮ್ಮ ಸಂಘದ ಲೆಡ್ಜರ್ ಇದ್ದ ಹಾಗೆ. ಅದರಲ್ಲಿ ಸುಮಾರು 50 ಲಕ್ಷ ಅಕ್ಷರಗಳು. ಗೋಡೆ ಹೇಗೆ ಕಟ್ಟಬೇಕು, ಊಟ ಹೇಗೆ ಜೀರ್ಣಿಸಬೇಕು, ಎಲ್ಲ ಅದರಲ್ಲಿ ಬರೆದಿರುತ್ತದೆ. ಒಂದೊಂದು ಕೆಲಸದ ಬರಹಕ್ಕೆ ಜೀನ್ ಅನ್ನುತ್ತಾರೆ, ಕನ್ನಡದಲ್ಲಿ ವಂಶವಾಹಿ. ಒಂದು ರೋಗಾಣು ಎರಡಾಗಬೇಕಾದರೆ ಈ ಇಡೀ ಪುಸ್ತಕವನ್ನು ನಕಲು ಮಾಡಬೇಕು. ಬಹಳ ಚೆನ್ನಾಗಿಯೇ ನಕಲು ಮಾಡುತ್ತದೆ. ಆದರೂ ಕೋಟಿಗಟ್ಟಲೆ ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ತಪ್ಪಿದ ಹೆಚ್ಚಿನ ಅಕ್ಷರಗಳಿಂದ ಏನೂ ಆಗುವುದಿಲ್ಲ, ಕೆಲವದರಿಂದ ರೋಗಾಣು ಸಾಯುತ್ತದೆ. ಎಲ್ಲೋ ಒಂದು ತಪ್ಪು ಮಾತ್ರ ಅದಕ್ಕೆ ವರವಾಗುತ್ತದೆ.

ಉದಾಹರಣೆಗೆ ನೀವೆಲ್ಲ ಹೆಸರು ಕೇಳಿರುವ ಸಿಪ್ರೋ ಮಾತ್ರೆ. ಡಿ.ಎನ್.ಎ. ಎಂಬುದು ಉದ್ದ ನೂಲು, ನಕಲು ಮಾಡುವಾಗ ಅದು ಸಿಕ್ಕುಗಟ್ಟುತ್ತದೆ. ಸಿಕ್ಕು ಬಿಡಿಸಲು ರೋಗಾಣುವಿನ ಬಳಿ ಗೈರೇಸ್ ಎಂಬ ಒಂದು ಉಪಕರಣ ಇದೆ. ಸಿಪ್ರೋ ಹೋಗಿ ಆ ಉಪಕರಣಕ್ಕೆ ಅಂಟಿ ಕೂತು ಕೆಲಸ ಕೆಡಿಸುತ್ತದೆ, ರೋಗಾಣು ಸಾಯುತ್ತದೆ. ಆದರೆ ಗೈರೇಸ್ ಮಾಡುವ ಜೀನ್‌ನಲ್ಲಿ ಒಂದು ನಿರ್ದಿಷ್ಟ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಿಪ್ರೋಗೆ ಅಂಟಲು ಹಿಡಿತ ಸಿಗುವುದಿಲ್ಲ. 50 ಲಕ್ಷದಲ್ಲಿ ಒಂದು ಅಕ್ಷರ, ಸಹೋದರಿಯರೇ! ಆ ಒಂದು ತಪ್ಪಿನಿಂದ ಮದ್ದು ಸ್ವಲ್ಪ ಮಂಕಾಗುತ್ತದೆ. ಅಕ್ಕಪಕ್ಕದಲ್ಲಿ ಇನ್ನೂ ಒಂದೆರಡು ತಪ್ಪು ಸೇರಿದರೆ ಪೂರ್ತಿ ನಿಷ್ಪ್ರಯೋಜಕ. ಅರೆಬರೆ ಮಾತ್ರೆ ತಿನ್ನುವವರ ಮೈಯಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿ ನಡೆಯಲು ಅವಕಾಶ ಸಿಗುತ್ತದೆ.

ಇಲ್ಲಿ ಒಂದು ತಿಳುವಳಿಕೆ ಮುಖ್ಯ. ಮದ್ದು ನೋಡಿ ರೋಗಾಣು ಉಪಾಯ ಹೂಡುತ್ತದೆ ಅಂತ ನಾವು ಭಾವಿಸುತ್ತೇವೆ. ಹಾಗಲ್ಲ. 1952ರಲ್ಲಿ ಅಮೆರಿಕಾದ ಎಸ್ತರ್ ಲೆಡರ್‌ಬರ್ಗ್ ಮತ್ತು ಅವರ ಗಂಡ ಜೋಶುವಾ ಲೆಡರ್‌ಬರ್ಗ್ ಇದನ್ನು ಒಂದು ಮಖಮಲ್ ಬಟ್ಟೆಯಿಂದ ತೋರಿಸಿದರು. ಒಂದು ತಟ್ಟೆಯಲ್ಲಿ ರೋಗಾಣುಗಳ ಚುಕ್ಕೆಗಳು ಬೆಳೆದಿದ್ದವು. ಅದರ ಮೇಲೆ ಮಖಮಲ್ ಒತ್ತಿ, ಸೀರೆಗೆ ಅಚ್ಚು ಒತ್ತುವ ಹಾಗೆ, ಅದೇ ಚುಕ್ಕೆಗಳನ್ನು ಮದ್ದು ಹಾಕಿದ ಬೇರೆ ತಟ್ಟೆಗಳಿಗೆ ಒತ್ತಿದರು. ಎಲ್ಲ ತಟ್ಟೆಗಳಲ್ಲೂ ಬದುಕಿ ಉಳಿದ ಚುಕ್ಕೆ ಒಂದೇ ಜಾಗದಲ್ಲಿತ್ತು. ಆಮೇಲೆ ಮದ್ದನ್ನು ಕಂಡೇ ಇರದ ಮೊದಲ ತಟ್ಟೆಯ ಅದೇ ಜಾಗವನ್ನು ಹುಡುಕಿದರೆ ಮದ್ದು ತಡೆದುಕೊಳ್ಳುವ ರೋಗಾಣು ಅಲ್ಲಿ ಮೊದಲೇ ಇತ್ತು. ಅಂದರೆ ಮದ್ದು ಅದನ್ನು ಹುಟ್ಟಿಸಲಿಲ್ಲ. ಮದ್ದು ಮಾಡಿದ್ದು ಮೊರದ ಕೆಲಸ. ಹೊಟ್ಟು ಹಾರಿತು, ಗಟ್ಟಿ ಕಾಳು ಉಳಿಯಿತು. ನಾವು ಬೇಕಾಗಿಯೋ ಬೇಡವಾಗಿಯೋ ಮಾತ್ರೆ ನುಂಗಿದಾಗಲೆಲ್ಲ ನಮ್ಮ ಕರುಳಿನಲ್ಲಿ ಒಂದು ಸಲ ಮೊರ ಆಡಿಸಿದ ಹಾಗೆ. ದುಃಖದ ಸಂಗತಿ ಏನೆಂದರೆ 1958ರಲ್ಲಿ ನೊಬೆಲ್ ಬಹುಮಾನ ಬಂದದ್ದು ಗಂಡನಿಗೆ, ಎಸ್ತರ್ ಅವರಿಗೆ ಬರಲಿಲ್ಲ. ಅದು ಬೇರೆ ಕಥೆ.

ಅಕ್ಷರ ತಪ್ಪಿ ಬರುವ ಶಕ್ತಿ ಒಂದು ದಾರಿ. ಅದು ನಿಧಾನದ್ದು. ನಮಗೆ ಹೆಚ್ಚು ತೊಂದರೆ ಕೊಟ್ಟಿರುವುದು ಇನ್ನೊಂದು ದಾರಿ. ಅದನ್ನು ಸ್ವಲ್ಪ ಗಮನವಿಟ್ಟು ಕೇಳಿ.

ರೋಗಾಣುವಿನ ಒಳಗೆ ದೊಡ್ಡ ಪುಸ್ತಕ ಬಿಟ್ಟು ಬೇರೆ ಸಣ್ಣ ಸಣ್ಣ ಚೀಟಿಗಳೂ ಇರುತ್ತವೆ. ಉಂಗುರದ ಹಾಗೆ ಗುಂಡಗಿನ ಡಿ.ಎನ್.ಎ. ತುಂಡು, ಅದಕ್ಕೆ ಪ್ಲಾಸ್ಮಿಡ್ ಎಂದು ಹೆಸರು. ಒಂದು ರೋಗಾಣು ಪಕ್ಕದ್ದಕ್ಕೆ ಒಂದು ಸಣ್ಣ ಕೊಳವೆ ಚಾಚಿ, ಈ ಚೀಟಿಯ ನಕಲನ್ನು ದಾಟಿಸಿಬಿಡುತ್ತದೆ. ನಿಮ್ಮಲ್ಲಿ ಒಬ್ಬರಿಗೆ ಹಲಸಿನ ಹಪ್ಪಳದ ಒಳ್ಳೆ ಪಾಕ ಗೊತ್ತಿದೆ ಅನ್ನಿ. ಚೀಟಿಯಲ್ಲಿ ಬರೆದು ಪಕ್ಕದವರಿಗೆ ಕೊಟ್ಟರೆ ನಿಮ್ಮ ಪಾಕ ಖರ್ಚಾಗುತ್ತದಾ? ಇಲ್ಲ. ಹಣ ಸಾಲ ಕೊಟ್ಟರೆ ಕೊಟ್ಟವರ ಕೈ ಖಾಲಿ, ಪಾಕ ಕೊಟ್ಟರೆ ಇಬ್ಬರಲ್ಲೂ ಉಂಟು. ಪ್ಲಾಸ್ಮಿಡ್ ಹಾಗೆ. ಇ. ಕೋಲಿ ತನ್ನ ಮಕ್ಕಳಿಗೆ ಮಾತ್ರ ಅಲ್ಲ, ನೆರೆಯವರಿಗೂ, ಬೇರೆ ಜಾತಿಯ ರೋಗಾಣುಗಳಿಗೂ ಕೊಡುತ್ತದೆ. ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ರೋಗಾಣು ಉಂಟು, ಅದೂ ಉರಿಮೂತ್ರ ತರುತ್ತದೆ. ಅದಕ್ಕೂ ಸಿಗುತ್ತದೆ.

ಇದು ತಿಳಿದದ್ದು ಜಪಾನಿನಲ್ಲಿ. ಅಲ್ಲಿ 1950ರ ದಶಕದಲ್ಲಿ ಆಮಶಂಕೆಯ ರೋಗಾಣು ಒಂದೇ ಸಲಕ್ಕೆ ಮೂರು ನಾಲ್ಕು ಮದ್ದುಗಳಿಗೆ ಬಗ್ಗದೆ ನಿಂತಿತು. ಒಂದೇ ಸಲ ನಾಲ್ಕು ಅಕ್ಷರ ತಪ್ಪುವುದು ಸಾಧ್ಯವಾ ಅಂತ ವಿಜ್ಞಾನಿಗಳಿಗೆ ಸಂಶಯ ಬಂತು. 1959ರ ಹೊತ್ತಿಗೆ ಈ ಶಕ್ತಿ ಕರುಳಿನಲ್ಲಿ ಇ. ಕೋಲಿಯಿಂದ ಆಮಶಂಕೆಯ ರೋಗಾಣುವಿಗೆ ಕಟ್ಟು ಕಟ್ಟಾಗಿ ದಾಟುತ್ತದೆ ಅಂತ ಗೊತ್ತಾಯಿತು. ಇಂಗ್ಲೆಂಡಿನಲ್ಲಿ ಇದನ್ನು ಮೊದಲು ಕಂಡುಹಿಡಿದವರಲ್ಲಿ ನವೋಮಿ ದತ್ತಾ ಎಂಬ ಮಹಿಳೆ ಮುಖ್ಯರು. ಗ್ರೀಸ್ ದೇಶದ ಅಥೆನ್ಸ್‌ನ ಒಬ್ಬ ರೋಗಿಯಲ್ಲಿ ಸಿಕ್ಕ ಇ. ಕೋಲಿಯನ್ನು ಪರೀಕ್ಷಿಸಿ, ಪೆನ್ಸಿಲಿನ್ ಜಾತಿಯ ಮದ್ದನ್ನು ತುಂಡರಿಸುವ ಒಂದು ಕಿಣ್ವದ ಜೀನ್ ಪ್ಲಾಸ್ಮಿಡ್‌ನಲ್ಲಿ ಕೂತಿದೆ ಎಂದು ಅವರೂ ಅವರ ಜೊತೆಗಾರರೂ 1965ರಲ್ಲಿ ಪ್ರಕಟಿಸಿದರು. ಆ ಕಿಣ್ವಕ್ಕೆ ಟೆಮ್ ಎಂದು ಹೆಸರು. ಇವತ್ತು ಅದು ಲೋಕದ ಎಲ್ಲ ಮೂಲೆಯಲ್ಲೂ ಇದೆ.

ಚೀಟಿಯಲ್ಲಿ ಏನೇನು ಬರೆದಿರುತ್ತದೆ ಅಂತ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಒಂದರಲ್ಲಿ ಕತ್ತರಿ ಮಾಡುವ ವಿಧಾನ, ಅಡಿಕೆ ಕತ್ತರಿಯಲ್ಲಿ ಅಡಿಕೆ ತುಂಡು ಮಾಡಿದ ಹಾಗೆ ಮದ್ದನ್ನು ತುಂಡು ಮಾಡುವುದು. ಇನ್ನೊಂದರಲ್ಲಿ ಬದಲಿ ಒಲೆ. ಸೆಪ್ಟ್ರಾನ್ ಎಂದು ಹಿರಿಯರಿಗೆ ಗೊತ್ತಿರುವ ಮಾತ್ರೆ ರೋಗಾಣುವಿನ ಒಂದು ಒಲೆಯನ್ನು ಕೆಡಿಸುತ್ತದೆ. ಚೀಟಿ ಸಿಕ್ಕಿದ ರೋಗಾಣು ಆ ಮಾತ್ರೆಗೆ ಕೆಡದ ಬೇರೆ ಒಲೆ ಹೂಡಿ ಅಡುಗೆ ಮುಂದುವರಿಸುತ್ತದೆ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಹಾಕುವ ಹಾಗೆ ಮದ್ದನ್ನು ಹೊರಗೆ ದೂಡುವ ಪಂಪು, ಮದ್ದು ಒಳಗೆ ಬರುವ ಬಾಗಿಲನ್ನೇ ಮುಚ್ಚುವುದು, ಇವೂ ಉಂಟು. ಇವುಗಳಲ್ಲಿ ಹೆಚ್ಚಿನವು ಅದರ ದೊಡ್ಡ ಪುಸ್ತಕದಲ್ಲೇ ಇರುತ್ತವೆ.

ಈ ಜೀನ್‌ಗಳು ಪುಸ್ತಕದಿಂದ ಚೀಟಿಗೆ, ಚೀಟಿಯಿಂದ ಚೀಟಿಗೆ ಹಾರುವುದು ಹೇಗೆ? ಹಾರುವ ಜೀನ್‌ಗಳು ಇವೆ ಅಂತ ಮೊದಲು ಕಂಡವರು ಬಾರ್ಬರಾ ಮ್ಯಾಕ್ಲಿಂಟಾಕ್. ಅವರು ನೋಡಿದ್ದು ರೋಗಾಣುವಿನಲ್ಲಿ ಅಲ್ಲ, ಮೆಕ್ಕೆಜೋಳದ ತೆನೆಯಲ್ಲಿ. ಒಂದೇ ತೆನೆಯಲ್ಲಿ ಬಣ್ಣ ಬಣ್ಣದ ಚುಕ್ಕೆ ಕಾಳು ಯಾಕೆ ಬರುತ್ತದೆ ಅಂತ ಹುಡುಕುತ್ತಾ 1940ರ ದಶಕದಲ್ಲಿ ಅದನ್ನು ಕಂಡುಹಿಡಿದರು. ಬಹಳ ವರ್ಷ ಯಾರೂ ಅದನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ, ಅವರಿಗೆ 81 ವರ್ಷ ಆದಾಗ. ರೋಗಾಣುಗಳಲ್ಲೂ ಅಂಥದ್ದೇ ಹಾರುವ ಜೀನ್‌ಗಳು ಇವೆ, ಮದ್ದು ತಡೆಯುವ ಬರಹವನ್ನು ಬೆನ್ನ ಮೇಲೆ ಹೊತ್ತುಕೊಂಡು ಹಾರುತ್ತವೆ.

ಈಗ ನಮ್ಮ ದೇಶಕ್ಕೆ ಬರೋಣ. ಸೆಫಿಕ್ಸಿಮ್ ಜಾತಿಯ ಮಾತ್ರೆಗಳನ್ನು ತುಂಡು ಮಾಡುವ ಕತ್ತರಿಗೆ ಸಿ.ಟಿ.ಎಕ್ಸ್.-ಎಮ್ ಎಂದು ಹೆಸರು. ಅದರ ಮೂಲ ಕ್ಲುವೇರಾ ಎಂಬ ಇನ್ನೊಂದು ರೋಗಾಣುವಿನ ಪುಸ್ತಕ. ಅಲ್ಲಿದ್ದ ಜೀನ್ ಹಾರಿ ಪ್ಲಾಸ್ಮಿಡ್‌ಗೆ ಬಂತು, ಪ್ಲಾಸ್ಮಿಡ್ ಇ. ಕೋಲಿಗೆ ಬಂತು. ಅದರ 15ನೇ ನಮೂನೆ ದೆಹಲಿಯಲ್ಲಿ 1999ರಲ್ಲಿ ಸಂಗ್ರಹಿಸಿದ ರೋಗಾಣುಗಳಲ್ಲಿ ಮೊದಲು ಕಂಡುಬಂತು. ಮುಂದೆ ಕೆಲವೇ ವರ್ಷಗಳಲ್ಲಿ ಲೋಕಕ್ಕೆಲ್ಲ ಹರಡಿತು. ಇಂಥ ಕತ್ತರಿ ಇರುವ ರೋಗಾಣುವನ್ನು ಕಲ್ಚರ್ ರಿಪೋರ್ಟಿನಲ್ಲಿ ಇ.ಎಸ್.ಬಿ.ಎಲ್. ಎಂದು ಬರೆದಿರುತ್ತಾರೆ. ನಿಮ್ಮಲ್ಲಿ ಕೆಲವರು ಆ ನಾಲ್ಕು ಅಕ್ಷರ ನೋಡಿರಬಹುದು.

ಇ.ಎಸ್.ಬಿ.ಎಲ್. ಬಂದಾಗ ಡಾಕ್ಟರುಗಳು ಮೆರೊಪೆನೆಮ್ ಜಾತಿಯ ಇಂಜೆಕ್ಷನ್ ಕೊಡಬೇಕಾಗುತ್ತದೆ. ಅದನ್ನೂ ಕತ್ತರಿಸುವ ಕಿಣ್ವ ಬಂತು. 2008ರಲ್ಲಿ ಸ್ವೀಡನ್ ದೇಶದಲ್ಲಿ ಭಾರತ ಮೂಲದ ಒಬ್ಬ ರೋಗಿಯ ಮೂತ್ರದಲ್ಲಿ ಕ್ಲೆಬ್ಸಿಯೆಲ್ಲಾ ಸಿಕ್ಕಿತು. ಅವರು ಅದಕ್ಕೆ ಮೊದಲು ದೆಹಲಿಯಲ್ಲಿ ಆಸ್ಪತ್ರೆ ವಾಸ ಮಾಡಿ ಬಂದವರು. ಅದರಲ್ಲಿದ್ದ ಹೊಸ ಕಿಣ್ವಕ್ಕೆ ಎನ್.ಡಿ.ಎಮ್.-1 ಎಂದು ಹೆಸರಿಟ್ಟರು, ಅದರಲ್ಲಿ ನವದೆಹಲಿಯ ಹೆಸರು ಸೇರಿತು. ಊರಿನ ಹೆಸರು ಸೇರಿಸಿದ್ದಕ್ಕೆ 2010ರಲ್ಲಿ ನಮ್ಮ ದೇಶದಲ್ಲಿ ಬಹಳ ಬೇಸರ, ಚರ್ಚೆ ಆಯಿತು. ಹೆಸರಿನ ಜಗಳಕ್ಕಿಂತ ನಮಗೆ ಮುಖ್ಯ ಅನಿಸುವುದು ಆಮೇಲೆ ಬಂದ ವರದಿ. 2011ರಲ್ಲಿ ಪ್ರಕಟವಾದ ಆ ವರದಿಯಲ್ಲಿ, ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳ ಪೈಕಿ 2ರಲ್ಲಿ ಆ ಜೀನ್ ಸಿಕ್ಕಿತು. ಆಸ್ಪತ್ರೆಯ ಒಳಗಿನ ಸಂಗತಿ ಅಂತ ಅಂದುಕೊಂಡದ್ದು ಚರಂಡಿಯಲ್ಲಿ ಹರಿಯುತ್ತಿತ್ತು. ಶೌಚಾಲಯ, ಚರಂಡಿ, ಕುಡಿಯುವ ನೀರು ಎಂದು ನಾವು ಗ್ರಾಮಸಭೆಯಲ್ಲಿ ಅರ್ಜಿ ಕೊಡುವಾಗ ಇದೂ ಆ ಅರ್ಜಿಯ ಒಳಗೆ ಸೇರಿದೆ ಅಂತ ತಿಳಿಯಿರಿ.

ಇನ್ನು ಒಂದು ಗಂಟು ಬಿಡಿಸಬೇಕು. ಒಂದು ಚೀಟಿಯಲ್ಲಿ ಒಂದೇ ಮದ್ದಿನ ಬರಹ ಇರುವುದಿಲ್ಲ. ನಾಲ್ಕೈದು ಮದ್ದುಗಳದ್ದು ಒಟ್ಟಿಗೆ ಇರುತ್ತದೆ. ಸಂಘದಲ್ಲಿ ಒಬ್ಬರು ಸಾಲ ಕೇಳಿದರೆ ಜಾಮೀನಿಗೆ ಎಲ್ಲರೂ ಎದ್ದು ನಿಂತ ಹಾಗೆ! ಶೀತ ಕೆಮ್ಮಿಗೆ ಅಂತ ನೀವು ಯಾವುದೋ ಒಂದು ಆ್ಯಂಟಿಬಯೋಟಿಕ್ ತಿಂದಿರಿ. ಅದು ಶೀತದ ವೈರಸ್ಸಿಗೆ ಏನೂ ಮಾಡುವುದಿಲ್ಲ. ಆದರೆ ಕರುಳಿನಲ್ಲಿ ಆ ಮದ್ದಿಗೆ ಬಗ್ಗದ, ಚೀಟಿ ಇರುವ ಇ. ಕೋಲಿ ಉಳಿಯುತ್ತದೆ, ಬೇರೆಯದು ಸಾಯುತ್ತದೆ. ಉಳಿದ ಇ. ಕೋಲಿಯ ಚೀಟಿಯಲ್ಲಿ ಉರಿಮೂತ್ರದ ಮದ್ದಿಗೆ ತಡೆಯೂ ಬರೆದಿರಬಹುದು. ಮುಂದಿನ ತಿಂಗಳು ಅದೇ ಇ. ಕೋಲಿ ಮೂತ್ರಕೋಶಕ್ಕೆ ಹತ್ತಿದರೆ? ಉರಿಮೂತ್ರಕ್ಕೆ ಈವರೆಗೆ ಮಾತ್ರೆಯೇ ತಿನ್ನದವರಿಗೂ ಮದ್ದು ನಾಟದೇ ಇರುವುದು ಹೀಗೆ. ನಾನೊಬ್ಬಳು ತಿಂದರೆ ನನಗೆ ಮಾತ್ರ ಅಂತಲೂ ಇಲ್ಲ. ಒಂದೇ ಶೌಚಾಲಯ, ಒಂದೇ ಅಡುಗೆಮನೆ, ಮಗುವಿನ ಬಟ್ಟೆ ತೊಳೆದ ಕೈ. ಮನೆಯವರ ಕರುಳಿನ ರೋಗಾಣು ಮನೆಯವರೊಳಗೆ ಓಡಾಡುತ್ತಲೇ ಇರುತ್ತದೆ.

ಮದ್ದು ನಿಲ್ಲಿಸಿದರೆ ರೋಗಾಣು ಈ ವಿದ್ಯೆ ಮರೆಯುವುದಿಲ್ಲವಾ ಎಂದು ನಾವೂ ಕೇಳಿಕೊಂಡದ್ದುಂಟು. ಸ್ವೀಡನ್ನಿನ ಕ್ರೋನೊಬೆರ್ಗ್ ಎಂಬ ಜಿಲ್ಲೆಯಲ್ಲಿ 2004ರಿಂದ ಎರಡು ವರ್ಷ ಡಾಕ್ಟರುಗಳೆಲ್ಲ ಒಪ್ಪಿಕೊಂಡು ಉರಿಮೂತ್ರಕ್ಕೆ ಟ್ರೈಮೆಥೊಪ್ರಿಮ್ ಬರೆಯುವುದನ್ನು ಶೇಕಡಾ 85ರಷ್ಟು ಇಳಿಸಿದರು. ಇ. ಕೋಲಿಯ ಪ್ರತಿರೋಧ ಇಳಿದದ್ದು ಅತಿ ಸ್ವಲ್ಪ. ಆ ಒಂದು ಮದ್ದು ನಿಂತರೂ ಅದೇ ರೋಗಾಣುವಿನಲ್ಲಿರುವ ಬೇರೆ ಬರಹಗಳಿಗೆ ಬೇರೆ ಮದ್ದುಗಳಿಂದ ಕೆಲಸ ಸಿಗುತ್ತಲೇ ಇತ್ತು. ಹಾಗಾಗಿ ಹೋದದ್ದನ್ನು ಹಿಂದೆ ತರುವುದು ಸುಲಭ ಇಲ್ಲ, ಉಳಿದದ್ದನ್ನು ಉಳಿಸಿಕೊಳ್ಳುವುದೇ ನಮ್ಮ ಕೈಯಲ್ಲಿರುವುದು.

ಉಳಿದದ್ದು ಏನಾದರೂ ಉಂಟಾ ಅಂದರೆ, ಉಂಟು. ನೈಟ್ರೊಫ್ಯುರಾಂಟೊಯಿನ್ ಅಂತ 1953ರಿಂದ ಬಳಕೆಯಲ್ಲಿರುವ ಹಳೆಯ ಮಾತ್ರೆ. ಅದರ ಕೆಲಸವೇ ಬೇರೆ. ರೋಗಾಣುವಿನ ಸ್ವಂತ ಕಿಣ್ವಗಳೇ ಅದನ್ನು ವಿಷ ಮಾಡಿಕೊಂಡು ಸಾಯುತ್ತವೆ. ತಪ್ಪಿಸಿಕೊಳ್ಳಬೇಕಾದರೆ ರೋಗಾಣು ತನ್ನದೇ ಎರಡು ಜೀನ್‌ಗಳನ್ನು ಕೆಡಿಸಿಕೊಳ್ಳಬೇಕು. ಅದು ಮುಖ್ಯವಾಗಿ ದೊಡ್ಡ ಪುಸ್ತಕದಲ್ಲಿ ಆಗುವ ನಷ್ಟ, ಚೀಟಿಯಲ್ಲಿ ಬರೆದು ನೆರೆಯವರಿಗೆ ಸುಲಭವಾಗಿ ಹಂಚುವಂಥದ್ದಲ್ಲ. ಅದಕ್ಕೇ ಇಷ್ಟು ವರ್ಷವಾದರೂ ಹೆಚ್ಚಿನ ಇ. ಕೋಲಿಯ ಮೇಲೆ ಅದು ಕೆಲಸ ಮಾಡುತ್ತದೆ. ಹಾಗಂತ ಹೆಸರು ಬರೆದುಕೊಂಡು ನಾಳೆ ಮೆಡಿಕಲ್ ಶಾಪಿಗೆ ಹೋಗಬೇಡಿ! ಅದು ಮೂತ್ರಕೋಶದ ಸೋಂಕಿಗೆ ಮಾತ್ರ, ಕಿಡ್ನಿಗೆ ಹತ್ತಿದ್ದಕ್ಕೆ ಅಲ್ಲ. ಕಿಡ್ನಿ ದುರ್ಬಲ ಇರುವವರಿಗೆ, ಹೆರಿಗೆ ಹತ್ತಿರ ಬಂದವರಿಗೆ ಅದು ಬೇಡ. ಡಾಕ್ಟರೇ ತೀರ್ಮಾನಿಸಬೇಕು.

ನಮ್ಮ ಕಾರ್ಯಕ್ಷೇತ್ರದ ಒಂದು ಹಳ್ಳಿಯ ಸದಸ್ಯೆಯ ವಿಷಯ ಹೇಳುತ್ತೇವೆ, ಹೆಸರು ಬೇಡ. ಗೇರುಬೀಜ ಸುಲಿಯುವ ಕೆಲಸಕ್ಕೆ ಹೋಗುವವರು. ಕೆಲಸದ ಜಾಗದಲ್ಲಿ ಶೌಚಾಲಯಕ್ಕೆ ಚಿಲಕ ಇರಲಿಲ್ಲ, ಹಾಗಾಗಿ ಬೆಳಿಗ್ಗೆಯಿಂದ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂರುವುದು ಅಭ್ಯಾಸ. ಉರಿ ಶುರುವಾದಾಗ ಅಂಗಡಿಯಿಂದ ನಾಲ್ಕು ಸಿಪ್ರೋ ತಂದರು. ಎರಡಕ್ಕೆ ಸ್ವಲ್ಪ ಕಡಿಮೆ ಅನಿಸಿತು, ಉಳಿದದ್ದನ್ನು ಡಬ್ಬಿಯಲ್ಲಿ ಇಟ್ಟರು. ವಾರ ಕಳೆದು ಮತ್ತೆ ಬಂದಾಗ ಪಕ್ಕದ ಮನೆಯವರ ಬಳಿ ಉಳಿದಿದ್ದ ಸೆಫಿಕ್ಸಿಮ್. ಯಾರಿಗೂ ಹೇಳಲಿಲ್ಲ. ಕೊನೆಗೆ ಚಳಿಜ್ವರದಲ್ಲಿ ನಡುಗುತ್ತಾ ಆಸ್ಪತ್ರೆಗೆ ಹೋದಾಗ ಕಲ್ಚರ್ ಮಾಡಿದರು, ಇ.ಎಸ್.ಬಿ.ಎಲ್. ಇ. ಕೋಲಿ. ಬಾಯಿಗೆ ಕೊಡುವ ಯಾವ ಮಾತ್ರೆಯನ್ನೂ ಆಗ ನಂಬಿ ಕೊಡುವ ಹಾಗಿರಲಿಲ್ಲ. ಹತ್ತು ದಿನ ಇಂಜೆಕ್ಷನ್. ಮಗಳ ಫೀಸಿಗೆ ಅಂತ ಸಂಘದಲ್ಲಿ ಕೂಡಿಟ್ಟದ್ದೆಲ್ಲ ಹೋಯಿತು, ಮೇಲೆ ಸಾಲ. ಅವರು ಬದುಕಿ ಬಂದರು, ಈಗ ಚೆನ್ನಾಗಿದ್ದಾರೆ. ಎಲ್ಲರೂ ಬದುಕಿ ಬರುವುದಿಲ್ಲ. ಮದ್ದಿಗೆ ಬಗ್ಗದ ರೋಗಾಣುಗಳಿಂದಲೇ 2019ರಲ್ಲಿ ಲೋಕದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜು ಇದೆ, ಅದರಲ್ಲಿ ಮುಂದೆ ನಿಂತ ರೋಗಾಣುಗಳಲ್ಲಿ ಇ. ಕೋಲಿಯೂ ಒಂದು.

ಹಾಗಾದರೆ ಉರಿ ಬಂದಾಗ ಏನು ಮಾಡುವುದು? ಡಾಕ್ಟರ ಬಳಿ ಹೋಗಿ, ಮೊದಲ ಮಾತ್ರೆ ನುಂಗುವ ಮುಂಚೆ "ಮೂತ್ರದ ಕಲ್ಚರ್ ಬೇಕಾ?" ಅಂತ ಕೇಳಿ. ಮಾತ್ರೆ ತಿಂದ ಮೇಲೆ ಕೊಟ್ಟರೆ ಕೆಲವೊಮ್ಮೆ ರೋಗಾಣು ಬೆಳೆಯುವುದೇ ಇಲ್ಲ. ಎಲ್ಲರಿಗೂ ಪ್ರತಿ ಸಲವೂ ಬೇಕು ಅಂತ ಇಲ್ಲ. ಆದರೆ ಗರ್ಭಿಣಿಯರಿಗೆ, ಜ್ವರ ಇದ್ದವರಿಗೆ, ಪದೇ ಪದೇ ಬರುವವರಿಗೆ, ಒಂದು ಮಾತ್ರೆ ತಿಂದು ಗುಣ ಆಗದವರಿಗೆ ಬೇಕೇ ಬೇಕು. ತೊಳೆದುಕೊಂಡು, ಮೊದಲ ಸ್ವಲ್ಪ ಮೂತ್ರ ಬಿಟ್ಟು, ನಡುವಿನದ್ದನ್ನು ಲ್ಯಾಬಿನವರು ಕೊಟ್ಟ ಬಾಟಲಿಯಲ್ಲೇ ಹಿಡಿಯಿರಿ. ಮನೆಯ ಹಳೆಯ ಔಷಧಿ ಬಾಟಲಿ ಬೇಡ. ಎರಡು ಗಂಟೆಯ ಒಳಗೆ ಲ್ಯಾಬಿಗೆ ಮುಟ್ಟಬೇಕು.

ಅಲ್ಲಿ ಏನು ಮಾಡುತ್ತಾರೆ ಗೊತ್ತಾ? ಅಗರ್ ಎಂಬ ಹಲ್ವದಂಥ ಪದಾರ್ಥದ ಮೇಲೆ ಮೂತ್ರ ಸವರಿ ರೋಗಾಣು ಬೆಳೆಸುತ್ತಾರೆ. ಅಗರ್ ಅಂದರೆ ನಮ್ಮ ಅಡುಗೆಮನೆಯ ಚೈನಾ ಗ್ರಾಸ್. 1881ರಲ್ಲಿ ಜರ್ಮನಿಯಲ್ಲಿ ಫ್ಯಾನಿ ಹೆಸ್ಸೆ ಎಂಬ ಗೃಹಿಣಿ, ಬೇಸಿಗೆಯಲ್ಲಿ ಗಂಡನ ಲ್ಯಾಬಿನ ಜೆಲಟಿನ್ ಕರಗಿಹೋಗುವುದನ್ನು ನೋಡಿ, ತಾನು ಜೆಲ್ಲಿಗೆ ಹಾಕುವ ಅಗರ್ ಹಾಕಿ ನೋಡಿ ಅಂದರು. ಇವತ್ತಿಗೂ ಲೋಕದ ಎಲ್ಲ ಲ್ಯಾಬುಗಳಲ್ಲಿ ಅದೇ ನಡೆಯುತ್ತಿದೆ. ಒಂದು ದಿನದಲ್ಲಿ ರೋಗಾಣು ಬೆಳೆಯುತ್ತದೆ. ಆಮೇಲೆ ಅದರ ನಡುವೆ ಬೇರೆ ಬೇರೆ ಮದ್ದಿನ ಬಿಲ್ಲೆ ಇಡುತ್ತಾರೆ. ಯಾವ ಬಿಲ್ಲೆಯ ಸುತ್ತ ಸಾಕಷ್ಟು ಅಗಲದ ಖಾಲಿ ವೃತ್ತ ಬರುತ್ತದೋ ಆ ಮದ್ದು ನಾಟುತ್ತದೆ. ರಿಪೋರ್ಟಿನಲ್ಲಿ ಆ ಮದ್ದಿನ ಎದುರು ಎಸ್ ಅಕ್ಷರ, ನಾಟದ್ದಕ್ಕೆ ಆರ್. ಎಲ್ಲ ಸೇರಿ ಎರಡು ಮೂರು ದಿನ, ಕೆಲವು ನೂರು ರೂಪಾಯಿ ಖರ್ಚು. ನಮ್ಮ ಅಭಿಪ್ರಾಯದಲ್ಲಿ ಸಂಘದ ಆಂತರಿಕ ಸಾಲವನ್ನು ಇಂಥದ್ದಕ್ಕೆ ಕೂಡಲೇ ಕೊಡಬೇಕು, ಮುಂದಿನ ಸಭೆಯ ತನಕ ಕಾಯಿಸಬಾರದು. ರಿಪೋರ್ಟನ್ನು ಪಾಸ್ ಬುಕ್ಕಿನ ಜೊತೆ ಜೋಪಾನವಾಗಿ ಇಡಿ. ಮುಂದಿನ ಸಲ ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ.

ಡಾಕ್ಟರು ಐದು ದಿನ ಅಂದರೆ ಐದು ದಿನ. ಎರಡಕ್ಕೆ ನಿಲ್ಲಿಸುವುದೂ ಬೇಡ, ಇರಲಿ ಅಂತ ಹತ್ತಕ್ಕೆ ಎಳೆಯುವುದೂ ಬೇಡ. ಹೆಚ್ಚು ದಿನ ತಿಂದಷ್ಟೂ ಕರುಳಿನಲ್ಲಿ ಮೊರ ಆಡಿಸಿದ ಹಾಗೆ ಅಂತ ಹೇಳಿದೆವಲ್ಲ. ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ ಕುಡಿಯಿರಿ, ಉರಿ ತಗ್ಗಬಹುದು. ಆದರೆ ಅವು ರೋಗಾಣುವನ್ನು ಕೊಲ್ಲುವುದಿಲ್ಲ. ಚಳಿಜ್ವರ, ಸೊಂಟದ ಪಕ್ಕ ನೋವು, ವಾಂತಿ ಬಂದರೆ ಕಷಾಯ ಕುಡಿಯುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಅಂಗಡಿಯಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೊಡುವುದು ಕಾನೂನಿಗೆ ವಿರುದ್ಧ. ಸೆಫಿಕ್ಸಿಮ್‌ನಂಥ ಮದ್ದುಗಳನ್ನು 2014ರ ಮಾರ್ಚ್‌ನಿಂದ ಎಚ್-1 ಪಟ್ಟಿಗೆ ಸೇರಿಸಿದ್ದಾರೆ, ಯಾರಿಗೆ ಕೊಟ್ಟರು ಅಂತ ಅಂಗಡಿಯವರು ಪುಸ್ತಕದಲ್ಲಿ ಬರೆಯಬೇಕು. ಮಾತ್ರೆ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಬೇಕು ಎಂದು ಅರ್ಥ.

ಕೋಳಿ ಸಾಕುವ ಸಂಘಗಳಿಗೆ ಒಂದು ಮಾತು. ಕೋಲಿಸ್ಟಿನ್ ಎಂಬುದು ಬೇರೆ ಯಾವ ಮದ್ದೂ ನಾಟದಾಗ ಮನುಷ್ಯರಿಗೆ ಕೊಡುವ ಕೊನೆಯ ಮದ್ದುಗಳಲ್ಲಿ ಒಂದು. ಅದಕ್ಕೆ ತಡೆ ಒಡ್ಡುವ ಜೀನ್ ಪ್ಲಾಸ್ಮಿಡ್‌ನಲ್ಲಿ ಕೂತಿರುವುದು 2015ರಲ್ಲಿ ಚೀನಾದಲ್ಲಿ ಹಂದಿಗಳಲ್ಲಿ, ಮಾಂಸದಲ್ಲಿ, ಮನುಷ್ಯರಲ್ಲಿ ಕಂಡುಬಂತು. ನಮ್ಮ ಸರಕಾರ 2019ರ ಜುಲೈಯಲ್ಲಿ ಕೋಳಿ ಮತ್ತು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೋಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಫೀಡಿನ ಚೀಲದ ಜೊತೆ ಯಾರಾದರೂ ಬೆಳವಣಿಗೆಯ ಪುಡಿ ಅಂತ ಕೊಟ್ಟರೆ ಅದರಲ್ಲಿ ಏನುಂಟು ಎಂದು ಕೇಳಿ, ಹೇಳದಿದ್ದರೆ ತೆಗೆದುಕೊಳ್ಳಬೇಡಿ.

ಮಾತು ಮುಗಿದ ಮೇಲೆ ಇಬ್ಬರು ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇವೆ. ಒಬ್ಬ ಹಿರಿಯರು, ತಮಗೆ ಉರಿ ಏನೂ ಇಲ್ಲ, ಮೂತ್ರ ವಾಸನೆ ಬರುತ್ತದೆ, ಪರೀಕ್ಷೆಯಲ್ಲಿ ರೋಗಾಣು ಕಂಡಿದೆ, ಆದರೂ ಡಾಕ್ಟರು ಮಾತ್ರೆ ಕೊಡಲಿಲ್ಲ ಅಂತ ದೂರಿದರು. ಡಾಕ್ಟರು ಸರಿ ಮಾಡಿದ್ದಾರೆ. ವಯಸ್ಸಾದವರ ಮೂತ್ರದಲ್ಲಿ ರೋಗಾಣು ಸುಮ್ಮನೆ ಇರುವುದುಂಟು. ತೊಂದರೆ ಇಲ್ಲದಿದ್ದರೆ ಅದಕ್ಕೆ ಮದ್ದು ಬೇಡ.

ಇನ್ನೊಬ್ಬರು, ತಮ್ಮ ಸೊಸೆ ಮೂರು ತಿಂಗಳ ಗರ್ಭಿಣಿ, ಅವಳಿಗೂ ಉರಿ ಇಲ್ಲ, ಆದರೂ ಮೂತ್ರದ ಕಲ್ಚರ್ ಮಾಡಿಸಲು ಚೀಟಿ ಕೊಟ್ಟಿದ್ದಾರೆ, ಸುಮ್ಮನೆ ಖರ್ಚಲ್ಲವಾ ಅಂದರು. ಗರ್ಭಿಣಿಯರಿಗೆ ಮಾತ್ರ ಲೆಕ್ಕ ಬೇರೆ. ಉರಿ ಇಲ್ಲದೆಯೂ ರೋಗಾಣು ಇದ್ದರೆ ಅದು ಕಿಡ್ನಿಗೆ ಹತ್ತುವ ಸಂಭವ ಅವರಲ್ಲಿ ಹೆಚ್ಚು, ಮಗು ದಿನ ತುಂಬುವ ಮೊದಲೇ ಹುಟ್ಟುವ ಅಪಾಯವೂ ಉಂಟು. ಹಾಗಾಗಿ ಕಂಡುಹಿಡಿದು ಮದ್ದು ಕೊಡಲೇಬೇಕು. ನಾಳೆ ಬೆಳಿಗ್ಗೆಯೇ ಸೊಸೆಯನ್ನು ಕರೆದುಕೊಂಡು ಹೋಗುತ್ತೇನೆ ಅಂದರು ಅವರು. ಬಾಟಲಿಯನ್ನು ಲ್ಯಾಬಿನಿಂದಲೇ ತೆಗೆದುಕೊಳ್ಳಿ ಅಂತ ಇನ್ನೊಮ್ಮೆ ನೆನಪಿಸಿ ಕಳುಹಿಸಿದೆವು.